ಮಸ್ಟರ್ ಇತ್ತು, ರೋಲ್ ಇರಲಿಲ್ಲ

ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿ ‘ಮಡಪೊಲ್ಲಂ’ ಎಂಬ ಪದವಿದೆ. ನಯವಾದ ಹತ್ತಿ ಬಟ್ಟೆ ಎಂದು ಅದರ ಅರ್ಥ. ಕೇಳಿದರೆ ಯಾವುದೋ ಯುರೋಪಿನ ಊರಿನ ಹೆಸರಿನಂತಿದೆ, ಆದರೆ ಅದು ಗೋದಾವರಿ ಸಮುದ್ರ ಸೇರುವ ಕಡೆಯ ಒಂದು ಹಳ್ಳಿಯ ಹೆಸರು. ಆಂಧ್ರದ ನರಸಾಪುರಕ್ಕೆ ಅಂಟಿಕೊಂಡಿರುವ ಆ ಊರನ್ನು ತೆಲುಗಿನಲ್ಲಿ ಮಾಧವಾಯಪಾಲೆಂ ಎನ್ನುತ್ತಾರೆ. ನಮ್ಮ ‘ಪಾಳ್ಯ’ವೇ ಅಲ್ಲಿಯ ‘ಪಾಲೆಂ’. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಲ್ಲೊಂದು ಕೋಠಿ ತೆರೆದು ಬಟ್ಟೆ ಕೊಳ್ಳತೊಡಗಿತು. ಬಟ್ಟೆ ಹಡಗು ಹತ್ತಿತು, ಊರಿನ ಹೆಸರೂ ಅದರ ಜೊತೆ ಹೋಯಿತು. ನೇಯ್ದವರ ಹೆಸರು ಹೋಗಲಿಲ್ಲ.

ಅದೇ ನರಸಾಪುರದಿಂದ ಹತ್ತೊಂಬತ್ತನೇ ಶತಮಾನದ ನಂತರ ಇನ್ನೊಂದು ಸರಕು ಹೊರದೇಶಗಳಿಗೆ ಹೊರಟಿತು. ಹತ್ತಿ ನೂಲಿನಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದ ಲೇಸು. ಮೇಜಿನ ಹಾಸು, ದಿಂಬಿನ ಅಂಚು, ಹಾಸಿಗೆಯ ಹೊದಿಕೆ, ಮಗುವಿನ ಕುಲಾವಿ, ಹೆಗಲ ಮೇಲಿನ ಶಾಲು. ಈ ಬಾರಿ ಊರಿನ ಹೆಸರೂ ಸರಕಿನ ಜೊತೆ ಹೋಗಲಿಲ್ಲ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅದನ್ನು ಕೊಂಡವರಿಗೆ ಅದು ಬರೀ ಕೈಹೆಣಿಗೆಯ ಲೇಸು.

ಹೆಣಿಗೆಯ ಲೋಕದಲ್ಲಿ ಹೆಸರು ಉಳಿಯುವುದು ಮಾದರಿ ಬರೆದವರದು. ಇಂದು ಒಂದು ಕುಲಾವಿಗೋ ಮಫ್ಲರಿಗೋ ಹೊಸ ವಿನ್ಯಾಸ ಮಾಡಿ, ಅದನ್ನು ಹೆಣೆಯುವ ಕ್ರಮವನ್ನು ಬರೆದು ಪ್ರಕಟಿಸಿದವರು ಅದರ ಕರ್ತೃ ಎನಿಸಿಕೊಳ್ಳುತ್ತಾರೆ. ಅದನ್ನು ಓದಿ ಹೆಣೆದವರು ಎಷ್ಟೇ ನುರಿತವರಾದರೂ ಹೆಣೆದವರು ಅಷ್ಟೇ. ಈ ಎರಡರ ನಡುವಿನ ಗೆರೆ ಎಲ್ಲಿಂದ ಬಂತು? ಆ ಗೆರೆಯ ಈಚೆ ಬದಿಯಲ್ಲಿ ಉಳಿದವರಿಗೆ ಏನಾಯಿತು? ವಿಶಾಖಪಟ್ಟಣ ಮತ್ತು ವಿಜಯವಾಡದ ನಡುವೆ ಇರುವ ಈ ಊರಿನ ಕಥೆಯಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರದ ಎಳೆಗಳಿವೆ.

ಹಡಗಿನಲ್ಲಿ ಬಂದ ಮಾದರಿಗಳು

ಹೊರಗಿನ ಮಾದರಿ ನೋಡಿ ಕೆಲಸ ಮಾಡುವುದು ಆಂಧ್ರದ ಕರಾವಳಿಗೆ ಲೇಸಿನಿಂದ ಶುರುವಾದದ್ದಲ್ಲ. ವಿಜಯವಾಡದಿಂದ ಸಮುದ್ರದ ಕಡೆ ಹೋದರೆ ಸಿಗುವ ಮಚಲೀಪಟ್ಟಣದಲ್ಲಿ, ಬಣ್ಣ ಹಾಕಿದ ಬಟ್ಟೆ ಮಾಡುವವರಿಗೆ ಕಂಪನಿಯ ವ್ಯಾಪಾರಿಗಳು ಹೂಬಳ್ಳಿಯ ನಮೂನೆಗಳನ್ನು ತಂದುಕೊಡುತ್ತಿದ್ದರು. ವಿಶಾಖಪಟ್ಟಣದ ಕುಶಲಕರ್ಮಿಗಳು 18ನೇ ಶತಮಾನದಲ್ಲಿ ಯುರೋಪಿನ ಮೇಜು, ಕುರ್ಚಿ, ಪೆಟ್ಟಿಗೆಗಳ ಆಕಾರ ನೋಡಿಕೊಂಡು ದಂತ ಕೂರಿಸಿದ ಪೀಠೋಪಕರಣ ಮಾಡುತ್ತಿದ್ದರು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅಂಥ ವಸ್ತುಗಳಿವೆ. ಚೀಟಿಯ ಮೇಲೆ ಊರು ಇರುತ್ತದೆ, ಅಂದಾಜು ಕಾಲ ಇರುತ್ತದೆ. ಮಾಡಿದವರ ಹೆಸರಿರುವುದು ಅಪರೂಪ.

ಹೀಗೆ ಬರುತ್ತಿದ್ದ ನಮೂನೆಗೆ ಕಂಪನಿಯ ಕಾಗದಪತ್ರಗಳಲ್ಲಿ ಒಂದು ಪದವಿತ್ತು: ‘ಮಸ್ಟರ್’. ಪೋರ್ಚುಗೀಸಿನ ‘ಮೋಸ್ತ್ರಾ’ದಿಂದ ಬಂದದ್ದು, ತೋರಿಸುವುದು, ತೋರಿಸುವ ವಸ್ತು ಎಂದರ್ಥ. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಹೆಣಿಗೆಯ ಮಾದರಿಗೆ ‘ಮುಸ್ಟರ್’ ಎಂದೇ ಹೇಳುತ್ತಾರೆ. ಕನ್ನಡದಲ್ಲಿ ಈ ಪದದ ದಾಯಾದಿಯೊಂದು ಬೇರೆ ದಾರಿಯಿಂದ ಬಂದು ನೆಲೆಸಿದೆ. ಗ್ರಾಮ ಪಂಚಾಯಿತಿಯ ಕೆರೆ ಕೆಲಸಕ್ಕೆ ಹೋದವರಿಗೆಲ್ಲ ಗೊತ್ತಿರುವ ‘ಮಸ್ಟರ್ ರೋಲ್’, ಅಂದರೆ ಕೆಲಸಕ್ಕೆ ಬಂದವರ ಹಾಜರಿ ಪಟ್ಟಿ. ಎರಡೂ ಒಂದೇ ಲ್ಯಾಟಿನ್ ಬೇರಿನ ಟಿಸಿಲುಗಳು. ಒಂದು ವಸ್ತುವನ್ನು ತೋರಿಸುತ್ತದೆ, ಇನ್ನೊಂದು ಜನರನ್ನು ತೋರಿಸುತ್ತದೆ.

ನರಸಾಪುರದ ಲೇಸಿನ ಚರಿತ್ರೆಯನ್ನು ಈ ಎರಡು ಪದಗಳಲ್ಲಿ ಹೇಳಿಬಿಡಬಹುದು. ಅಲ್ಲಿ ಮಸ್ಟರ್ ಇತ್ತು, ಮಸ್ಟರ್ ರೋಲ್ ಇರಲಿಲ್ಲ.

ಹೆಣಿಗೆ ಪುಸ್ತಕವಾದ ಕಾಲ

ಕ್ರೋಶಾ ಎಂದರೆ ಫ್ರೆಂಚಿನಲ್ಲಿ ಪುಟ್ಟ ಕೊಕ್ಕೆ. ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು, ಕ್ರೋಶಾಕ್ಕೆ ತುದಿ ಬಾಗಿದ ಒಂದೇ ಕಡ್ಡಿ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದರೆ ಸರಪಳಿ. ಸರಪಳಿಯ ಮೇಲೆ ಕುಣಿಕೆಗಳನ್ನು ಕಟ್ಟುತ್ತ ಹೋದರೆ ಬಟ್ಟೆ. ಯುರೋಪಿನಲ್ಲಿ ಇದರ ಮಾದರಿಗಳು ಅಚ್ಚಾಗತೊಡಗಿದ್ದು 19ನೇ ಶತಮಾನದಲ್ಲಿ. 1840ರಲ್ಲಿ ಎಡಿನ್‌ಬರೋದ ಜೇನ್ ಗೋಗೇನ್ ಹೆಣಿಗೆ ಮತ್ತು ಕ್ರೋಶಾದ ಮಾದರಿ ಪುಸ್ತಕ ಪ್ರಕಟಿಸಿದಳು. ಅದೇ ದಶಕದಲ್ಲಿ ಲಂಡನ್ನಿನಲ್ಲಿ ಎಲಿಯನೋರ್ ರಿಯೇಗೊ ದ ಲ ಬ್ರಾನ್ಶಾರ್ಡಿಯೇರ್ ಎಂಬ ಯುವತಿ ಇಂಥ ಪುಸ್ತಕಗಳನ್ನು ಒಂದರ ಹಿಂದೊಂದರಂತೆ ಬರೆದಳು. 1850ರ ದಶಕದ ಆರಂಭದಲ್ಲಿ ‘ದ ನೀಡಲ್’ ಎಂಬ ಪತ್ರಿಕೆಯನ್ನೂ ನಡೆಸಿದಳು. ಐರಿಶ್ ಕ್ರೋಶಾ ತನ್ನದೇ ಆವಿಷ್ಕಾರ ಎಂದು ಹೇಳಿಕೊಂಡಳು. 1845ರ ನಂತರದ ಆಲೂಗಡ್ಡೆ ಬರಗಾಲದಲ್ಲಿ ಐರ್ಲೆಂಡಿನ ಎಷ್ಟೋ ಬಡ ಮನೆಗಳು ಬದುಕುಳಿದದ್ದು ಇದೇ ಲೇಸಿನ ಕಾಸಿನಿಂದ. ಆ ಹೆಣ್ಣುಮಕ್ಕಳು ಸಾವಿರಾರು. ಪುಸ್ತಕದ ಮುಖಪುಟದಲ್ಲಿ ಉಳಿದದ್ದು ಒಂದು ಹೆಸರು.

ಬರೆದ ಮಾದರಿ ಎಂಬುದು ವಿಚಿತ್ರವಾದ ಗದ್ಯ. ಅದರ ತುಂಬ ಆಜ್ಞೆಗಳು ಮತ್ತು ಎಣಿಕೆ: ‘ಆರು ಸರಪಳಿ ಹಾಕಿ, ಮೊದಲನೆಯದಕ್ಕೆ ಜೋಡಿಸಿ ಬಳೆ ಮಾಡಿ, ನಕ್ಷತ್ರದ ಗುರುತಿನಿಂದ ಮತ್ತೆ ಶುರುಮಾಡಿ, ಮೂರು ಸಲ.’ ಒಂದು ಪದ ತಪ್ಪಿದರೆ ಹೂವು ಮುದುಡುತ್ತದೆ. ಬ್ರಿಟಿಷರು ‘ಡಬಲ್ ಕ್ರೋಶಾ’ ಎನ್ನುವ ಹೊಲಿಗೆಯನ್ನು ಅಮೆರಿಕದವರು ‘ಸಿಂಗಲ್ ಕ್ರೋಶಾ’ ಎನ್ನುತ್ತಾರೆ. ಪುಸ್ತಕ ಯಾವ ದೇಶದ್ದೆಂದು ನೋಡದೆ ಹೆಣೆದರೆ ಅಂಗೈ ಅಗಲದ ಹೂವು ತಟ್ಟೆಯಗಲ ಆಗಬಹುದು. ಈ ಗೊಂದಲ ತಪ್ಪಿಸಲು ಪದಗಳನ್ನೇ ಬಿಟ್ಟು ಚಿಹ್ನೆಗಳಲ್ಲಿ ನಕ್ಷೆ ಬರೆಯುವ ಪದ್ಧತಿಯೂ ಬೆಳೆಯಿತು. ಜಪಾನಿ ಪುಸ್ತಕದ ನಕ್ಷೆಯನ್ನು ಜಪಾನಿ ಬಾರದವರೂ ಓದಿ ಹೆಣೆಯಬಲ್ಲರು.

ಅದರೊಳಗಿನ ಲೆಕ್ಕವೂ ಸೊಗಸಾದದ್ದು. ಗಿಡ್ಡ ಹೊಲಿಗೆಯಲ್ಲಿ ಚಪ್ಪಟೆ ವೃತ್ತ ಬೇಕಾದರೆ ಸುತ್ತಿಗೆ ಆರರಂತೆ ಹೆಚ್ಚಿಸಬೇಕು: 6, 12, 18, 24. ಹಾಗೇ ಹೋದರೆ ಮೇಜಿನ ಹಾಸು. ನಡುವೆ ಎಲ್ಲೋ ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ತಾನೇ ಮೇಲೆದ್ದು ಬಟ್ಟಲಾಗುತ್ತದೆ, ಅದು ಕುಲಾವಿ. ಎಲ್ಲಿ ನಿಲ್ಲಿಸಬೇಕು, ಯಾವ ದಪ್ಪದ ನೂಲಿಗೆ ಎಷ್ಟು ಸುತ್ತು, ಮೂರು ತಿಂಗಳ ಮಗುವಿಗೂ ಮೂರು ವರ್ಷದ ಮಗುವಿಗೂ ಎಷ್ಟು ವ್ಯತ್ಯಾಸ, ಇದನ್ನೆಲ್ಲ ಹೆಣೆದು, ಬಿಚ್ಚಿ, ಮತ್ತೆ ಹೆಣೆದು ಗೊತ್ತುಮಾಡಿಕೊಳ್ಳುವುದೇ ವಿನ್ಯಾಸ.

ಈ ವಿದ್ಯೆಯನ್ನು ಊರೂರಿಗೆ ಹರಡಿದವರಲ್ಲಿ ನೂಲಿನ ಕಂಪನಿಗಳು ಮುಖ್ಯ. ತೆರೇಸ್ ದ ದಿಲ್ಮೋಂ 1886ರಲ್ಲಿ ಬರೆದ ಕಸೂತಿ ವಿಶ್ವಕೋಶ ಹಲವು ಭಾಷೆಗಳಲ್ಲಿ ಬಂತು. ಅದರ ಬೆನ್ನಿಗಿದ್ದದ್ದು ಡಿಎಂಸಿ ಎಂಬ ಫ್ರೆಂಚ್ ನೂಲಿನ ಕಂಪನಿ. ಸ್ಕಾಟ್ಲೆಂಡಿನ ಕೋಟ್ಸ್ ಕಂಪನಿಯೂ ಮಾದರಿಗಳ ತೆಳು ಪುಸ್ತಕಗಳನ್ನು ಅಚ್ಚುಹಾಕುತ್ತಿತ್ತು. ಮಾದರಿ ಅಗ್ಗವಾಗಿ ಸಿಕ್ಕರೆ ನೂಲು ತಾನಾಗಿ ಖರ್ಚಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ರೇಡಿಯೋ ಮೇಲಿನ ಹೊದಿಕೆ, ಬಾಗಿಲ ತೋರಣ, ನೀರಿನ ಹೂಜಿಗೆ ಮಣಿ ಪೋಣಿಸಿದ ಮುಚ್ಚಳ ಎಲ್ಲ ಈ ಪ್ರವಾಹದ ಕೊನೆಯ ಅಲೆಗಳು.

ಗೋದಾವರಿಯ ದಡದಲ್ಲಿ

ನರಸಾಪುರದಲ್ಲಿ ಕ್ರೈಸ್ತ ಮಿಷನ್ ನೆಲೆಯೂರಿದ್ದು 1830ರ ದಶಕದಲ್ಲಿ. 1836ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಿಂದ ಬಂದ ವಿಲಿಯಂ ಬೌಡೆನ್ ಮತ್ತು ಜಾರ್ಜ್ ಬಿಯರ್ ಕುಟುಂಬಗಳು ಗೋದಾವರಿಯ ಮುಖಜ ಭೂಮಿಯಲ್ಲಿ ಕೆಲಸ ಶುರುಮಾಡಿದವು. ಮುಂದಿನ ದಶಕಗಳಲ್ಲಿ ಮಿಷನರಿ ಮನೆಗಳ ಹೆಂಗಸರು ಇಲ್ಲಿಯ ಬಡ ಹೆಣ್ಣುಮಕ್ಕಳಿಗೆ ಲೇಸು ಹೆಣೆಯುವುದನ್ನು ಕಲಿಸಿದರು. ನದಿಯ ಮೇಲ್ಭಾಗದ ದುಮ್ಮುಗೂಡೆಂ ಮಿಷನ್ನಿನಲ್ಲೂ ಇದೇ ಆಯಿತು. ಕಲಿತವರಲ್ಲಿ ಮೊದಲಿಗರು ಕ್ರೈಸ್ತರಾದ ದಲಿತ ಕುಟುಂಬಗಳವರು. ಬರದ ದಿನಗಳಲ್ಲಿ ಕೈಗೊಂದು ಕೆಲಸ ಎಂಬ ಸದುದ್ದೇಶ ಅದರ ಹಿಂದಿತ್ತು. ಹೆಣೆದದ್ದನ್ನು ಮಿಷನರಿಗಳು ಸ್ವದೇಶದ ಗೆಳೆಯರಿಗೆ ಕಳಿಸುತ್ತಿದ್ದರು, ಬಂದ ಹಣ ಇಲ್ಲಿಗೆ ಬರುತ್ತಿತ್ತು. ಕ್ರಮೇಣ ಅದು ವ್ಯಾಪಾರವಾಯಿತು. ಸ್ಥಳೀಯ ರಫ್ತುದಾರರು, ಅವರ ಕೆಳಗೆ ಏಜೆಂಟರು ಬಂದರು.

ಈ ಸೆಕೆಯ ಕರಾವಳಿಯಲ್ಲಿ ಉಣ್ಣೆಗೆ ಕೆಲಸವಿಲ್ಲ. ಆದ್ದರಿಂದ ಇಲ್ಲಿಯ ಹೆಣಿಗೆಯೆಲ್ಲ ತೆಳು ಹತ್ತಿ ನೂಲಿನದು. ಹೆಣೆದ ಮೇಜಿನ ಹಾಸು ಹೆಣೆದವರ ಮನೆಗೂ ಬೇಕಾದದ್ದಲ್ಲ, ಏಕೆಂದರೆ ಆ ಮನೆಗಳಲ್ಲಿ ಊಟದ ಮೇಜೇ ಇರಲಿಲ್ಲ. ತಮ್ಮ ಬದುಕಿನಲ್ಲಿ ಬಳಕೆಯೇ ಇಲ್ಲದ ವಸ್ತುವನ್ನು ಎಲ್ಲೋ ಇರುವ ಯಾರದೋ ಅಳತೆಗೆ ಮಾಡಿಕೊಡುವುದು ಅವರ ಪಾಲಿನ ಕೆಲಸವಾಯಿತು.

ಅಳತೆ ತಿಳಿಯುತ್ತಿದ್ದದ್ದು ಸ್ಯಾಂಪಲ್‌ನಿಂದ. ಏಜೆಂಟ್ ಒಂದು ಹೆಣೆದ ತುಂಡನ್ನೋ ಚಿತ್ರವನ್ನೋ ತಂದುಕೊಡುತ್ತಾನೆ. ಹೆಂಗಸು ಅದನ್ನು ತಿರುಗಿಸಿ ನೋಡಿ, ಬೆರಳಿನಿಂದ ಎಣಿಸಿ, ಎಲ್ಲಿ ಶುರುವಾಗಿದೆ ಎಲ್ಲಿ ಕಟ್ಟಿದೆ ಎಂದು ಕಂಡುಹಿಡಿದು ಹಾಗೇ ಹೆಣೆಯುತ್ತಾಳೆ. ಲಂಡನ್ನಿನ ಪುಸ್ತಕ ಎರಡು ಪುಟಗಳಲ್ಲಿ ಬರೆದು ವಿವರಿಸುವುದನ್ನು ಇಲ್ಲಿಯ ಕಣ್ಣು ಕೆಲವೇ ನಿಮಿಷಗಳಲ್ಲಿ ಓದಿಬಿಡುತ್ತದೆ. ಹಾಗೆ ಓದುವಾಗ ಸಣ್ಣಪುಟ್ಟ ಬದಲಾವಣೆಗಳೂ ಆಗುತ್ತವೆ: ಒಂದು ದಳ ಹೆಚ್ಚು, ಅಂಚಿಗೆ ಬೇರೆ ತಿರುವು, ಎರಡು ಹೂಗಳ ನಡುವೆ ಹೊಸ ಜೋಡಣೆ. ಅದನ್ನು ಬರೆದಿಡುವ ರೂಢಿ ಇರಲಿಲ್ಲ. ಒಪ್ಪಿಗೆಯಾದ ಬದಲಾವಣೆ ರಫ್ತುದಾರನ ಸ್ಯಾಂಪಲ್ ಪೆಟ್ಟಿಗೆ ಸೇರುತ್ತದೆ, ಮುಂದಿನ ಆರ್ಡರಿಗೆ ಅದೇ ಮಾದರಿಯಾಗುತ್ತದೆ.

ಕೆಲಸವನ್ನು ತುಂಡುತುಂಡಾಗಿ ಹಂಚುವುದು ಇದಕ್ಕೆ ಸೇರಿಕೊಂಡಿತು. ಒಬ್ಬರು ಬಿಡಿ ಹೂ ಹೆಣೆಯುತ್ತಾರೆ. ಇನ್ನೊಬ್ಬರು ಅವನ್ನು ಜೋಡಿಸುತ್ತಾರೆ; ಅದಕ್ಕೆ ‘ಅತುಕುಪನಿ’, ಅಂದರೆ ಅಂಟಿಸುವ ಕೆಲಸ ಎಂದು ಹೆಸರು. ಹೂ ಮಾಡಿದವಳು ಇಡೀ ಹಾಸನ್ನು ಕಾಣುವುದೇ ಇಲ್ಲ. ಅದರ ಬೆಲೆ ಎಷ್ಟೆಂದು ತಿಳಿಯುವುದಂತೂ ದೂರದ ಮಾತು.

ಮನೆಯಲ್ಲಿ ಕೂತವರು

ಈ ಕಥೆ ಜಗತ್ತಿಗೆ ತಿಳಿದದ್ದು ಮರಿಯಾ ಮೀಸ್ ಅವರಿಂದ. ಜರ್ಮನಿಯ ಸಮಾಜಶಾಸ್ತ್ರಜ್ಞೆ, 1960ರ ದಶಕದಲ್ಲಿ ಪುಣೆಯಲ್ಲಿ ಜರ್ಮನ್ ಕಲಿಸಿದವರು. 1970ರ ದಶಕದ ಕೊನೆಯಲ್ಲಿ ನರಸಾಪುರದ ಸುತ್ತ ಅಧ್ಯಯನ ಮಾಡಿ, 1982ರಲ್ಲಿ ‘ದ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಪ್ರಕಟಿಸಿದರು. 2023ರಲ್ಲಿ ಅವರು ತೀರಿಕೊಂಡಾಗ ಸ್ತ್ರೀವಾದಿ ಚಿಂತನೆಯ ಮುಖ್ಯ ಪುಸ್ತಕಗಳ ಸಾಲಿನಲ್ಲಿ ಈ ಊರಿನ ಹೆಸರೂ ಇತ್ತು.

ಮೀಸ್ ಕಂಡದ್ದು ಇಷ್ಟು. ಅವರು ಹೋಗುವ ಹೊತ್ತಿಗೆ ಲೇಸು ಹೆಣೆಯುವವರಲ್ಲಿ ಕಾಪು ಜಾತಿಯ ಹೆಂಗಸರು ಬಹಳ ಮಂದಿ ಇದ್ದರು. ಹೊರಗೆ ದುಡಿಯಲು ಹೋಗದಿರುವುದು ಅವರಲ್ಲಿ ಮರ್ಯಾದೆಯ ಗುರುತು. ಮನೆಯೊಳಗೆ ಕೂತು ಹೆಣೆದರೆ ದುಡಿಮೆಯೂ ಆಯಿತು, ಮರ್ಯಾದೆಯೂ ಉಳಿಯಿತು. ದಿನಕ್ಕೆ ಆರರಿಂದ ಎಂಟು ತಾಸು ಅವರು ಹೆಣೆಯುತ್ತಿದ್ದರು. ಆದರೂ ಊರಿನ ಲೆಕ್ಕದಲ್ಲಿ, ಸರ್ಕಾರದ ಲೆಕ್ಕದಲ್ಲಿ, ಕೊನೆಗೆ ಅವರದೇ ಮಾತಿನಲ್ಲಿ ಅದು ಬಿಡುವಿನ ವೇಳೆಯ ಕೆಲಸ. ಜನಗಣತಿಗೆ ಅವರು ಗೃಹಿಣಿಯರು. ಕೂಲಿಗೆ ಗದ್ದೆಗೆ ಹೋಗುತ್ತಿದ್ದ ದಲಿತ ಹೆಂಗಸರು ಇವರಿಗಿಂತ ಹೆಚ್ಚು ಗಳಿಸುತ್ತಿದ್ದರು. ಹಾಗಿದ್ದೂ ಮನೆಯೊಳಗೆ ಕೂತವರೇ ತಾವು ಮೇಲು ಎಂದುಕೊಳ್ಳುತ್ತಿದ್ದರು. ಆ ಮೇಲಿನ ಬೆಲೆಯನ್ನು ಅವರ ಕೂಲಿಯಿಂದಲೇ ಕಳೆಯಲಾಗುತ್ತಿತ್ತು.

ಇನ್ನೊಂದು ಬದಲಾವಣೆಯನ್ನೂ ಮೀಸ್ ಗುರುತಿಸಿದರು. ಹಿಂದೆ ಏಜೆಂಟರಲ್ಲಿ ಹೆಂಗಸರೂ ಇದ್ದರು; ಮನೆಮನೆಗೆ ನೂಲು ಕೊಟ್ಟು ಲೇಸು ತರುತ್ತಿದ್ದರು. ಹಸಿರು ಕ್ರಾಂತಿಯಿಂದ ಕೈಯಲ್ಲಿ ಹಣ ಓಡಾಡತೊಡಗಿದಾಗ ಗಂಡಸರು ಈ ವ್ಯಾಪಾರಕ್ಕೆ ಇಳಿದರು. ಮಾರುಕಟ್ಟೆಯ ದಾರಿ ಗೊತ್ತಿದ್ದ ಹೆಂಗಸರು ಮತ್ತೆ ಜಗಲಿಗೆ ಸರಿದರು. ಸ್ಯಾಂಪಲ್ ಪೆಟ್ಟಿಗೆ ಯಾರ ಕೈಯಲ್ಲಿದೆಯೋ ಕೊಳ್ಳುವವನ ವಿಳಾಸವೂ ಅವರ ಕೈಯಲ್ಲೇ ಇರುತ್ತದೆ.

ಮನೆಯಲ್ಲಿ ಕೂತು ದುಡಿದರೆ ಹೀಗಾಗುವುದು ಅನಿವಾರ್ಯವೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೀಡಿ ಕಟ್ಟುವ ಹೆಂಗಸರನ್ನು ನೋಡಿದರೆ ಸಾಕು. ಅವರೂ ಮನೆಯ ಜಗಲಿಯಲ್ಲೇ ಕೂತವರು, ಅಡುಗೆ-ಮಕ್ಕಳ ನಡುವೆಯೇ ದುಡಿದವರು. ಆದರೆ 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಸಂಘಟನೆಗಳ ಹೋರಾಟದಿಂದ ಭವಿಷ್ಯನಿಧಿಯೂ ಬಂತು. ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಹೆಸರು ಬಿದ್ದವಳಿಗೆ ಪಿಎಫ್ ಇತ್ತು, ಬೋನಸ್ ಇತ್ತು. ಹೆಸರು ಇಲ್ಲದವಳಿಗೆ ಇರಲಿಲ್ಲ. ಕಟ್ಟುವ ಕೈ ಎರಡೂ ಕಡೆ ಒಂದೇ ವೇಗದ್ದು. ಕರಾವಳಿಯ ಎಷ್ಟೋ ಮನೆಗಳ ಮಗಳ ಮದುವೆ, ಮನೆಯ ಹಂಚು ಆ ಪುಸ್ತಕದ ಒಂದು ಸಾಲಿನಿಂದ ಆದವು. ಗೋದಾವರಿಯ ಲೇಸಿನವರಿಗೆ ಅಂಥ ಕಾಯ್ದೆ ಬರಲಿಲ್ಲ. ಮನೆಯಲ್ಲಿ ಕೂತು ದುಡಿಯುವವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಮಾಡಿದ ಒಡಂಬಡಿಕೆಗೆ ಭಾರತ ಇನ್ನೂ ಅಂಗೀಕಾರ ಕೊಟ್ಟಿಲ್ಲ.

ಮಾದರಿಯ ಒಡೆಯರು

ಈ ನಡುವೆ ಮಾದರಿಯ ವ್ಯಾಪಾರ ಬೇರೆಯೇ ರೂಪ ಪಡೆಯಿತು. 2007ರಲ್ಲಿ ಅಮೆರಿಕದಲ್ಲಿ ‘ರ‍್ಯಾವೆಲ್ರಿ’ ಎಂಬ ತಾಣ ಶುರುವಾದ ಮೇಲೆ, ಮನೆಯಲ್ಲೇ ಕೂತು ಮಫ್ಲರ್, ಟೋಪಿ, ಕೈಗವಸುಗಳ ವಿನ್ಯಾಸ ಮಾಡುವ ಯಾರೇ ಆಗಲಿ ಬರೆದ ಮಾದರಿಯನ್ನು ನೇರವಾಗಿ ಓದುಗರಿಗೆ ಮಾರುವುದು ಸಾಧ್ಯವಾಯಿತು. ಇದೂ ಸುಲಭದ ಕೆಲಸವಲ್ಲ. ಹೆಣೆದು ನೋಡಬೇಕು, ಬೇರೆಬೇರೆ ಅಳತೆಗೆ ಲೆಕ್ಕ ಹಾಕಬೇಕು, ಬೇರೆಯವರಿಂದ ಹೆಣೆಸಿ ತಪ್ಪು ತಿದ್ದಬೇಕು, ಚಿತ್ರ ತೆಗೆಯಬೇಕು. ಆದರೆ ಒಮ್ಮೆ ಬರೆದದ್ದು ಸಾವಿರ ಸಲ ಮಾರಾಟವಾಗಬಹುದು. ಹೆಣೆದ ಕುಲಾವಿ ಒಂದೇ ಸಲ ಮಾರಾಟವಾಗುತ್ತದೆ.

ಕಾನೂನೂ ಬರವಣಿಗೆಯ ಕಡೆಗೇ ವಾಲುತ್ತದೆ. ಬರೆದ ಮಾದರಿಗೆ, ಅದರ ನಕ್ಷೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ನೆರಳಿದೆ. 2000ದ ವಿನ್ಯಾಸ ಕಾಯ್ದೆಯಲ್ಲಿ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ ಹತ್ತು ವರ್ಷ, ಮತ್ತೆ ಕೇಳಿಕೊಂಡರೆ ಇನ್ನೈದು ವರ್ಷ ಹಕ್ಕು ಸಿಗುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಬಳಕೆಗೆ ಬಂದ ವಿನ್ಯಾಸಕ್ಕೆ ಅದು ಸಿಗುವುದಿಲ್ಲ. ಜಗಲಿಯಲ್ಲಿ ಹುಟ್ಟಿ, ಅಂದೇ ಸಂಜೆ ಏಜೆಂಟನ ಚೀಲ ಸೇರಿದ ಹೊಸ ದಳವೊಂದು ಈ ಎರಡು ಕಾಯ್ದೆಗಳ ನಡುವೆ ಜಾರಿಹೋಗುತ್ತದೆ.

ಒಂದು ವಿಷಯ ಮಾತ್ರ ಹೆಣೆಯುವವರ ಪರವಾಗಿದೆ. ಸ್ವೆಟರನ್ನು ಯಂತ್ರ ಹೆಣೆಯುತ್ತದೆ, ಕ್ರೋಶಾವನ್ನು ಕೈಯಂತೆ ಹೆಣೆಯುವ ಯಂತ್ರ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ಯಂತ್ರದ ಲೇಸು ಅದರ ಚಹರೆಯನ್ನು ಅನುಕರಿಸುತ್ತದೆ ಅಷ್ಟೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಟೋಪಿಯ ಹಿಂದೆಯೂ ಎಲ್ಲೋ ಯಾರದೋ ಬೆರಳುಗಳಿವೆ. ಆದರೆ ಆ ಚಹರೆಯೇ ಸಾಕು ಎನ್ನುವ ಗಿರಾಕಿಗಳು ಹೆಚ್ಚಾದಾಗ, ಚೀನಾದ ಯಂತ್ರದ ಲೇಸು ನರಸಾಪುರದ ಆರ್ಡರುಗಳನ್ನು ತಿಂದುಹಾಕಿತು.

ಎರಡನೇ ಭಾಗದ ಪುಟಗಳು

2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ನಮ್ಮ ಧಾರವಾಡದ ಕಸೂತಿ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆಗಳ ಸಾಲಿಗೆ ಅದೂ ಸೇರಿತು. ಮಡಪೊಲ್ಲಂ ಬಟ್ಟೆಗೆ ಯಾರೂ ಕೇಳದೆ ಸಿಕ್ಕಿದ್ದ ಗೌರವ ಲೇಸಿಗೆ ಅರ್ಜಿ ಹಾಕಿ ಸಿಕ್ಕಿತು: ಸರಕಿನ ಮೇಲೆ ಊರಿನ ಹೆಸರು. ವಿಜಯವಾಡ, ವಿಶಾಖಪಟ್ಟಣಗಳ ಲೇಪಾಕ್ಷಿ ಮಳಿಗೆಗಳಂಥ ಕಡೆ ಆ ಹೆಸರಿಗೆ ಬೆಲೆ ಇದೆ.

ಜಿಐ ಕಾಪಾಡುವುದು ಹೆಸರನ್ನು. ಮಾದರಿಯನ್ನಲ್ಲ, ಕೂಲಿಯನ್ನೂ ಅಲ್ಲ. ಬೇರೆ ಊರಿನವರು ಅದೇ ಹೂವನ್ನು ಹೆಣೆಯಬಹುದು, ನರಸಾಪುರದ್ದು ಎನ್ನುವಂತಿಲ್ಲ, ಅಷ್ಟೇ. ಇಷ್ಟಕ್ಕೇ ಮುಗಿದರೆ ಲಾಭವೆಲ್ಲ ಮತ್ತೆ ಸ್ಯಾಂಪಲ್ ಪೆಟ್ಟಿಗೆಯ ಕಡೆಗೇ ಹರಿಯುತ್ತದೆ.

ಆದರೆ ಆ ಕಾಯ್ದೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ಜಿಐ ರಿಜಿಸ್ಟರಿನಲ್ಲಿ ಎರಡು ಭಾಗಗಳಿರಬೇಕು. ‘ಎ’ ಭಾಗದಲ್ಲಿ ಸರಕಿನ ವಿವರ ಮತ್ತು ನೋಂದಾಯಿಸಿದ ಸಂಸ್ಥೆಯ ವಿವರ. ‘ಬಿ’ ಭಾಗದಲ್ಲಿ ಅಧಿಕೃತ ಬಳಕೆದಾರರ, ಅಂದರೆ ಆ ಸರಕನ್ನು ತಯಾರಿಸುವವರ ಹೆಸರುಗಳು. ಹೆಸರು ಬರೆಸಿಕೊಂಡವರು ಜಿಐ ಗುರುತನ್ನು ತಾವೇ ಬಳಸಬಹುದು. ಯಾರಾದರೂ ಸುಳ್ಳು ಹೆಸರಿನಲ್ಲಿ ಮಾರಿದರೆ ಕೋರ್ಟಿಗೂ ಹೋಗಬಹುದು. ಕಸೂತಿ ಹಾಕುವವರಿಗೂ ನೇಕಾರರಿಗೂ ಇದೇ ನಿಯಮ.

ಅಂದರೆ ಲೇಸು ಹೆಣೆಯುವವರ ಹೆಸರಿಗೆಂದೇ ಕಾನೂನು ಒಂದು ಪುಸ್ತಕ ತೆರೆದಿದೆ. ಅದರಲ್ಲಿ ಯಾರ ಹೆಸರು ಬೀಳುತ್ತದೆ ಎಂಬುದು ಊರಿನಲ್ಲಿ ನಡೆಯುವ ಕೆಲಸಕ್ಕೆ ಬಿಟ್ಟದ್ದು. ಅರ್ಜಿ ನಮೂನೆ ತುಂಬಬೇಕು, ಶುಲ್ಕ ಕಟ್ಟಬೇಕು, ತಾನು ಹೆಣೆಯುವವಳು ಎಂಬುದಕ್ಕೆ ಪುರಾವೆ ಕೊಡಬೇಕು. ರಫ್ತುದಾರನಿಗೆ ಇದು ಅರ್ಧ ದಿನದ ಕೆಲಸ. ಬಿಡಿ ಹೂ ಹೆಣೆಯುವವಳಿಗೆ, ಅತುಕುಪನಿ ಮಾಡುವವಳಿಗೆ, ತಾನು ಮಾಡುವುದು ಕೆಲಸ ಎಂದು ಮೊದಲು ತಾನೇ ಹೇಳಬೇಕಾದ ಕೆಲಸ. ಅಷ್ಟು ವರ್ಷ ಬಿಡುವಿನ ವೇಳೆ ಎಂದು ಹೇಳಿಕೊಂಡು ಬಂದದ್ದನ್ನು ‘ವೃತ್ತಿ’ ಎಂಬ ಖಾನೆಯೆದುರು ಬರೆಯಬೇಕು.

ಕೇಂದ್ರ ಸರ್ಕಾರದ ಕುಶಲಕರ್ಮಿಗಳ ‘ಪೆಹಚಾನ್’ ಕಾರ್ಡಿಗೆ ಹೆಸರು ಬರೆಸುವಾಗಲೂ ಇದೇ ಖಾನೆ ಎದುರಾಗುತ್ತದೆ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಬಂದ ಇ-ಶ್ರಮ್ ನೋಂದಣಿಯಲ್ಲೂ ಇದೆ. ಇವುಗಳಲ್ಲಿ ಯಾವುದೂ ಕೂಲಿಯನ್ನು ತಾನಾಗಿ ಹೆಚ್ಚಿಸುವುದಿಲ್ಲ. ಮೊದಲು ಪುಸ್ತಕದಲ್ಲಿ ಹೆಸರು ಬಿತ್ತು, ಹಕ್ಕು ಬಂದದ್ದು ಆಮೇಲೆ, ಅದೂ ಕೇಳಿ ಪಡೆದದ್ದು ಎಂಬುದನ್ನು ನಮ್ಮ ಕರಾವಳಿಯ ಬೀಡಿ ಬ್ರಾಂಚುಗಳು ಕಂಡಿವೆ.

ನರಸಾಪುರದ ಜಗಲಿಗಳಲ್ಲಿ ಈಗಲೂ ಸ್ಯಾಂಪಲ್ ತುಂಡುಗಳು ಕೈಯಿಂದ ಕೈಗೆ ಹೋಗುತ್ತವೆ. ಹೆಣೆಯುವವರು ಅದನ್ನು ತಿರುಗಿಸಿ ನೋಡಿ, ಎಣಿಸಿ, ಕಡ್ಡಿ ಹಿಡಿಯುತ್ತಾರೆ. ಆರು, ಹನ್ನೆರಡು, ಹದಿನೆಂಟು. ಆ ಎಣಿಕೆ ಅವರಿಗೆ ಯಾರೂ ಬರೆದುಕೊಟ್ಟದ್ದಲ್ಲ. ಮಸ್ಟರ್ ಓದಲು ಬಲ್ಲ ಆ ಕೈಗಳ ಹೆಸರು ರೋಲಿನಲ್ಲಿ ಬರೆಯುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.